ಸಮಜಾಯಿಷಿ

ಮಾರ್ಚ್ ಮೂವತ್ತೊಂದು. ಮಂಡ್ಯದ ಖಜಾನೆ
ರಾತ್ರಿಯೂ ದೀಪ ಹಾಕಿಕೊಂಡು ಕೂತಿದೆ.
ನನ್ನ ಕಡತ ಮೂರನೇ ಸಲ ವಾಪಸ್ಸು:
"ಹೋದ ವರ್ಷ ಕೊಂಡ ಹೋಸ್‌ಪೈಪು
ಇಷ್ಟು ಬೇಗ ಹರಿದದ್ದೇಕೆ?"

ಇಪ್ಪತ್ತಾರು ವರ್ಷ ಈ ಠಾಣೆಯಲ್ಲಿ
ಒಂದು ಬೆಂಕಿಯನ್ನೂ ಕಣ್ಣಾರೆ ಕಂಡವಳಲ್ಲ.
ಕಂಡದ್ದು ಅದರ ಬಿಲ್ಲು:
ಕೀಲಾರದ ಆಲೆಮನೆ, ಡೀಸೆಲ್ ನಲವತ್ತು ಲೀಟರು;
ಬಸರಾಳಿನ ಕಬ್ಬಿನ ಗದ್ದೆ, ಗಂಬೂಟು ಒಂದು ಜೊತೆ.

ಗಂಟೆ ಬಡಿಯಿತು. ಜವರಪ್ಪ ಕಿಟಕಿಗೆ ಬಂದು
"ಹಳೇದ್ಕೇ ಟ್ಯೂಬ್ ಸುತ್ಕೊಂಡ್ ಹೋಯ್ತೀವಿ, ಮೇಡಂ" ಅಂದ,
ನಾನೇ ಮಂಜೂರು ಮಾಡಬೇಕೇನೋ ಎಂಬಂತೆ.
ಗಾಡಿ ಹೋಯಿತು.
ಟ್ಯಾಂಕು ಸೋರಿದ ಗೆರೆ ಗೇಟಿನವರೆಗೆ
(ಅದಕ್ಕೊಂದು ಬೇರೆ ಕಡತ).

ಸಮಜಾಯಿಷಿಯ ಕಾಲಮಿನಲ್ಲಿ ಬರೆದೆ:
"ಬೆಂಕಿಯ ಮೇಲೆ ಎಳೆದದ್ದರಿಂದ."
ಹೊಡೆದುಹಾಕಿದೆ.
ಮತ್ತೆ ಅದನ್ನೇ ಬರೆದೆ, ದುಂಡಗೆ.