ಹನ್ನೊಂದನೆಯದು

ರಾತ್ರಿ ಎರಡೂಕಾಲು. ಬ್ರಿಟನಿಯ ಕಡಲಗಾಳಿ
ತಗಡಿನ ಗೋಡೆಗೆ ಭುಜ ಕೊಟ್ಟು ತಳ್ಳುತ್ತಿದೆ.
ಒಳಗೆ, ಕೆಂಪು ದೀಪದಡಿ,
ಹನ್ನೊಂದನೆಯದು ಜಾರಿ ಬಿತ್ತು
ಮೂವತ್ತೊಂಬತ್ತು ಡಿಗ್ರಿಯ ಕತ್ತಲಿನಿಂದ
ಒದ್ದೆ ಮೈಯಲ್ಲೇ ಈ ಫೆಬ್ರವರಿಗೆ.

ಗುಲ್ವೆನ್ ಮೂತಿಯ ಲೋಳೆ ಒರೆಸಿ
ಹಿಂಗಾಲು ಹಿಡಿದು ಒಮ್ಮೆ ಜಾಡಿಸಿ
ತಾಯ ಹೊಟ್ಟೆಯ ಬಳಿ ಇಟ್ಟ.
ಇಡುವಾಗ ಏನೋ ಗೊಣಗಿದ.
ಹಂದಿಗಳಿಗೆ ಇವರ ಬ್ರೆಟನ್ ಮಾತಿನಲ್ಲಿ 'ಮೋಹ್' ಅಂತಾರೆ;
ನನ್ನ ಕಿವಿ, ಕೇಳದೆ ಕೇಳದೆ,
ಅದಕ್ಕೊಂದು ಅಕಾರ ಸೇರಿಸಿಕೊಂಡಿತು.

ಮರಿ ನಡುಗತೊಡಗಿತು.

ಕರುವಿಗೆ, ಕುರಿಮರಿಗೆ, ಮನುಷ್ಯರ ಕೂಸಿಗೂ
ಹುಟ್ಟುವಾಗಲೇ ಕಂದು ಕೊಬ್ಬಿನ ಬುತ್ತಿ ಕಟ್ಟಿಕೊಟ್ಟಿರುತ್ತಾರೆ,
ಸುಮ್ಮನೆ ಮಲಗಿದ್ದರೂ ಬಿಸಿ ಕೊಡುವ ಬುತ್ತಿ.
ಹಂದಿಯ ಕುಲ ಮಾತ್ರ
ಯಾವುದೋ ಬೆಚ್ಚನೆಯ ಕಾಡಿನಲ್ಲಿ, ಕೋಟಿಗಟ್ಟಲೆ ವರ್ಷ ಹಿಂದೆ,
ಆ ಗಂಟನ್ನು ಮರೆತು ಎದ್ದು ಬಂತು.
ತಿರುಗಿ ಹೋಗಿ ತರುವ ಹಾಗಿಲ್ಲ.
ಉಳಿದ ಒಲೆ ಒಂದೇ: ಈ ನಡುಕ.

ಒಂದೊಂದು ಸ್ನಾಯುನಾರಿನ ಓಣಿಯಲ್ಲೂ
ಎರಡು ಪದರ ಹೊದ್ದ ಮೈಟೊಕಾಂಡ್ರಿಯಗಳು
ಕಣ್ಣುಜ್ಜಿಕೊಂಡು ಏಳುತ್ತಿವೆ. ಕಡಿಮೆ ಇವೆ, ಇವತ್ತು ತೀರ ಕಡಿಮೆ.
ಒಳಪದರ ಇನ್ನೂ ಇಸ್ತ್ರಿ ಮಾಡಿದ ದುಪ್ಪಟಿಯಂತೆ ಸಪಾಟು.
ಐದು ದಿನ ಬದುಕಿದರೆ ಮಡಿಕೆಯ ಮೇಲೆ ಮಡಿಕೆ ಬೀಳುತ್ತದೆ,
ಕುಲುಮೆ ಹೆಚ್ಚುತ್ತವೆ, ತಿದಿ ತುಂಬ ಉಸಿರು,
ಅಣುವಿನಷ್ಟು ಗಿರಗಟ್ಟಲೆಗಳು ಸುತ್ತಿ ಸುತ್ತಿ
ಟಂಕಿಸಿ ಹಾಕುತ್ತವೆ ಎಟಿಪಿ, ಎಟಿಪಿ,
ಗಳಿಸಿದ ಗಳಿಗೆಯಲ್ಲೇ ಖರ್ಚಾಗುವ ಚಿಲ್ಲರೆ.
ಐದು ದಿನ.
ಕೈಯಲ್ಲಿರುವುದು ಬಸಿರಲ್ಲಿ ಕೂಡಿಟ್ಟ ಹಿಡಿ ಗ್ಲೈಕೊಜನ್,
ಹೆಚ್ಚೆಂದರೆ ನಾಳೆ ಮಧ್ಯಾಹ್ನದ ತನಕ.

ಅಪ್ಪ ಬಂದದ್ದು ಹದಿನೇಳು ಡಿಗ್ರಿಯ ಡಬ್ಬದಲ್ಲಿ,
ಪ್ಲಾಸ್ಟಿಕ್ ಚೀಲವಾಗಿ, ವ್ಯಾನಿನಲ್ಲಿ, ಒಂದು ಮಂಗಳವಾರ.
ಅವನ ಕುಲುಮೆಗಳು ಈಜಿ ಈಜಿ ಹೊಸಿಲಲ್ಲೇ ಆರಿದವು.
ಇವೆಲ್ಲ ಅಮ್ಮನವು, ಅಮ್ಮನ ಅಮ್ಮನವು.
ಕಿವಿಯಲ್ಲಿ ೪೨೦೭ ಎಂಬ ಓಲೆ ತೊಟ್ಟು ಮಲಗಿದ ಈ ದಿಬ್ಬ
ಬೆಳಗಿನೊಳಗೆ ತನ್ನ ಬೆಂಕಿಯನ್ನು ಹದಿನಾಲ್ಕು ಪಾಲು ಮಾಡಿತು.
ಹಾಲು ಬರುವ ಮೊಲೆ ಹನ್ನೆರಡು.

ಆರೂವರೆಗೆ ಸ್ವಾಜಿಗ್ ಬಂದಳು, ಲ್ಯಾಬಿನವಳು,
ಹೊಗೆಯಾಡುವ ನೈಟ್ರೋಜನ್ ಕ್ಯಾನು, ಕತ್ತರಿ, ಪೆನ್ಸಿಲು.
ಗೋಡೆಯ ಮಗ್ಗುಲಲ್ಲಿ ಹದಿನಾಲ್ಕನೆಯದು ಸೆಟೆದುಕೊಂಡಿತ್ತು.
ಅದರ ಕಾಲನ್ನು ಮಡಿಸಲು ನೋಡಿ, ಆಗದೆ,
"ಸೆಟೆಯೋದು ಬಲಕ್ಕಲ್ಲ" ಅಂದಳು, ಯಾರಿಗೂ ಅಲ್ಲದ ಹಾಗೆ.
"ನಾರು ನಾರನ್ನು ಹಿಡಿದಿರುತ್ತೆ.
ಬಿಡಬೇಕಾದರೆ ಒಂದು ಕಾಸು ಕೊಡಬೇಕು.
ಇದರ ಹತ್ತಿರ ಕಾಸು ಮುಗಿದಿತ್ತು."
ಗುಲ್ವೆನ್ ಕಾಫಿ ಊದುತ್ತ ಯೋಚಿಸಿ ಹೇಳಿದ:
"ಹಾಗಾದರೆ ನಮ್ಮ ಸಹಕಾರ ಸಂಘದವರು
ಸತ್ತು ಬಹಳ ದಿನ ಆಗಿರಬೇಕು."

ಅವಳು ನಗಲಿಲ್ಲ; ಚೀಟಿ ಬರೆಯುತ್ತಿದ್ದಳು.
ಉಳಿದವು ಆರು ತಿಂಗಳ ಮೇಲೆ ಅವಳಿಗೇ ಸಿಗುತ್ತವೆ,
ಒಂದು ಶುಕ್ರವಾರ, ಕೊಕ್ಕೆಯ ಸಾಲಿನಲ್ಲಿ.
ಉಸಿರು ನಿಂತ ಕುಲುಮೆ ಇದ್ದ ಸಕ್ಕರೆಗೆ ಹುಳಿ ಹಿಂಡುತ್ತದೆ;
ಅವಳು ಸೂಜಿ ಚುಚ್ಚಿ ಆ ಹುಳಿಯನ್ನು ಓದುತ್ತಾಳೆ.
ಲಾರಿಯಲ್ಲಿ ರಾತ್ರಿಯೆಲ್ಲ ಹೆದರಿದ್ದರೆ
ಹುಳಿಗೂ ಸಕ್ಕರೆ ಉಳಿದಿರುವುದಿಲ್ಲ,
ಮಾಂಸ ಕಪ್ಪಗೆ ಒಣಗಿ ಚಾಡಿ ಹೇಳುತ್ತದೆ.
ಇದನ್ನೆಲ್ಲ ತಿಳಿದೂ ಅವಳು
ಹೊರಡುವ ಮುಂಚೆ ದೀಪವನ್ನು ಒಂದು ಗೇಣು ಕೆಳಗಿಳಿಸಿದಳು.

ಹನ್ನೊಂದನೆಯದು ಇನ್ನೂ ನಡುಗುತ್ತಿದೆ, ನಿದ್ದೆಯಲ್ಲಿ, ಬಿಟ್ಟು ಬಿಟ್ಟು.
ಮೂವತ್ತೆಂಟು ಚಿಲ್ಲರೆ ಅನ್ನುತ್ತದೆ ಥರ್ಮಾಮೀಟರು.
ಮೂರನೆಯ ಮೊಲೆಗೆ ಕಚ್ಚಿಕೊಂಡ ಬಾಯಿಯ ಅಂಚಿಗೆ
ಕಿರುಬೆರಳು ಹಾಕಿ ನೋಡಿದೆ.

ಬಿಟ್ಟಿತು.
ಮತ್ತೆ ಹಿಡಿಯಿತು.