ತಕ್ಕಡಿಯ ಬ್ಯಾಟರಿ

ಬೆಳಗಿನ ಐದಕ್ಕೆ ಅಡುಗೆಮನೆಯಲ್ಲಿ ನಾನೂ ತಕ್ಕಡಿಯೂ.
ನಲವತ್ತು ಗ್ರಾಂ ಅವಲಕ್ಕಿ.
ನಲವತ್ತೆರಡು ತೋರಿಸಿತು.
ಎರಡು ಗ್ರಾಂ ಚಿಟಿಕೆಯಲ್ಲಿ ಎತ್ತಿ
ಡಬ್ಬಿಗೆ ಮರಳಿಸಿದೆ, ಸಾಲ ತೀರಿಸುವವಳ ಹಾಗೆ.

ಜೂನಿನಲ್ಲಿ ಮುನ್ನೂರು ಕಿಲೋಮೀಟರಿನ ಸವಾರಿ,
ಅಬರ್ಗವೆನ್ನಿಯಿಂದ ಸಮುದ್ರಕ್ಕೆ, ಸಮುದ್ರದಿಂದ ವಾಪಸ್ಸು.
ಏರಿಗೆ ಮೈ ಹಗುರಿರಬೇಕು ಅಂತ ಯಾರೋ ಅಂದಿದ್ದರು.
ಯಾರೆಂದು ಈಗ ನೆನಪಿಲ್ಲ.
ಮಾತು ಮಾತ್ರ ಹೆಗಲ ಮೇಲೆ ಕೂತು
ಕೆಳಗಿಳಿಯಲೇ ಇಲ್ಲ.

ಟಂಬಲ್ ಏರು ಊರ ಮಗ್ಗುಲಿಗೇ ಇದೆ.
ಬೀಚ್ ಮರಗಳ ತಿರುವು, ದನ ದಾಟದಂತೆ ಹಾಸಿದ ಕಬ್ಬಿಣದ ಸಲಾಕೆ,
ಆಮೇಲೆ ಬರೀ ಗಾಳಿ.
ಡಿಸೆಂಬರಿನಲ್ಲಿ ಮೂವತ್ತೊಂದು ನಿಮಿಷ, ಮಾರ್ಚಿಗೆ ಇಪ್ಪತ್ತಾರು.
ಐದು ಗೆದ್ದೆನೆಂದು ಮನೆಗೆ ಬಂದು
ಮೆಟ್ಟಿಲ ಮೇಲೆ ಕೂತು ಶೂ ಬಿಚ್ಚಲು ಇಪ್ಪತ್ತು ಕಳೆದೆ.
ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಹೆಲ್ಮೆಟ್ಟು.

ನೀಲಾಳ ಈಜಿನ ಕ್ಲಾಸಿನ ಬೆಂಚಿನಲ್ಲಿ ನಿದ್ದೆ ಹೋದೆ.
ಅವಳು ಮೊದಲ ಸಲ ಪೂರಾ ಉದ್ದ ಈಜಿದ್ದು
ಇನ್ನೊಬ್ಬರ ಅಮ್ಮ ನೋಡಿದರು.
ಮೂರು ತಿಂಗಳು ಮುಟ್ಟಾಗಲಿಲ್ಲ;
ಒಂದು ರಗಳೆ ಕಡಿಮೆ ಅಂದುಕೊಂಡೆ.
ಶಿವಪುತ್ರ ಬಸ್ಸಿನ ಎರಡನೇ ಪಾಳಿ ಮುಗಿಸಿ ಬಂದು
ಮುಚ್ಚಿಟ್ಟ ತಟ್ಟೆ ತೆಗೆದು ಕೇಳುತ್ತಿದ್ದ:
ಇದು ನಂದೋ, ನಿಂದೋ?

ಒಂದು ಸಂಜೆ, ಒಂಬತ್ತು ವರ್ಷದ ನೀಲಾ
ತನ್ನ ರೊಟ್ಟಿ ತಕ್ಕಡಿಯ ಮೇಲಿಟ್ಟಳು.
ಅವ್ವಾ, ನಾನೆಷ್ಟು ತಿನ್ನಬಹುದು?

ಎಕ್ಸ್‌ರೇ ವಿಭಾಗದಲ್ಲಿ ನನಗೆ ಹನ್ನೊಂದು ವರ್ಷ.
ಕಂಡವರ ಎಲುಬು ಓದಿ ಓದಿ ಕಣ್ಣು ಪಳಗಿದೆ.
ಆ ವಾರ ರಿಯಾನನ್ ನನ್ನನ್ನೇ ಮಲಗಿಸಿದಳು.
ಪರದೆ ತಿರುಗಿಸಿದಳು, ಏನೂ ಹೇಳಲಿಲ್ಲ.
ನಲವತ್ತೊಂದರ ನನ್ನ ಸೊಂಟಕ್ಕೆ
ಎಪ್ಪತ್ತರ ಮುದುಕಿಯ ಅಂಕಿ.
ಎಲ್ಲಿ ಹಗುರಾಗಿದ್ದೆ ಅಂತ ಆಗ ಗೊತ್ತಾಯಿತು.

ತಕ್ಕಡಿಯ ಎರಡು ಬ್ಯಾಟರಿ ತೆಗೆದು
ಸೈಕಲ್ಲಿನ ಹಿಂದಿನ ಕೆಂಪು ದೀಪಕ್ಕೆ ಹಾಕಿದೆ.
ಮುನ್ನೂರರ ಹೆಸರು ಹಿಂತೆಗೆದುಕೊಂಡೆ. ಅತ್ತೆ ಕೂಡ.
ವಾರಕ್ಕೆ ಮೂರೇ ದಿನ ಸವಾರಿ.
ಬುಧವಾರ ಈಜಿನ ಬೆಂಚು, ಎಚ್ಚರವಾಗಿ.
ಕೆಲವು ಬೆಳಗು ಕೈ ತಾನಾಗಿ ತಕ್ಕಡಿಯತ್ತ ಹೋಗುತ್ತದೆ;
ಅದರ ಕುರುಡು ಗಾಜಿನ ಮೇಲೆ ನಿಂಬೆಹಣ್ಣು ಇಟ್ಟಿದ್ದೇನೆ.

ಈ ಭಾನುವಾರ ಸಲಾಕೆಯ ಹತ್ತಿರ ಇಳಿದೆ.
ಜರ್ಸಿಯ ಬೆನ್ನ ಜೇಬಿನಿಂದ ಶೇಂಗಾ ಹೋಳಿಗೆ,
ಬೆವರಿಗೆ ಮೆತ್ತಗಾಗಿ, ಮಡಿಕೆಯಲ್ಲಿ ಮುರಿದು.
ಕಡ್ಡಿಯಂಥ ಮೀನಖಂಡದ ಹುಡುಗನೊಬ್ಬ ದಾಟಿ ಹೋದ.
ಹೊಟ್ಟೆಕಿಚ್ಚಾಯಿತು, ಆಗಲಿಲ್ಲ ಅನ್ನಲಾರೆ.
ಕುರಿಯೊಂದು ಹತ್ತಿರ ಬಂದು ನನ್ನ ಬಾಯನ್ನೇ ನೋಡಿತು.
ಮೂವತ್ತೈದು ನಿಮಿಷ, ತುದಿಗೆ.
ಕೆಳಗೆ ಅಸ್ಕ್ ನದಿ ಬಿಸಿಲಿಗೆ ಬಿದ್ದಿತ್ತು,
ಮನೆಯಲ್ಲಿ ಒಗೆಯುವ ಬಟ್ಟೆ ರಾಶಿ ಬಿದ್ದಿತ್ತು.

ಎಷ್ಟು ಹೋಳಿಗೆ ತಿಂದಿ, ನೀಲಾ ಕೇಳಿದಳು.
ಎಣಿಸಿಲ್ಲ ಅಂದೆ.
ಸುಳ್ಳು. ಮೂರು.
ಎಣಿಸುವುದು ಇನ್ನೂ ಬಿಟ್ಟಿಲ್ಲ.