ಬೋರ್ಡು ಅವರದು

ಬೆಳಗಿನ ಜಾವ ಮೂರಕ್ಕೆ
ಅಕಿತಾ ಕಡಲಂಚಿನ ಈ ಊರಲ್ಲಿ ಎಚ್ಚರವಿರುವುದು ಎರಡೇ:
ದೀಪಸ್ತಂಭ, ಮತ್ತೆ ಫುಮಿಯೆಯ ಅಂಗಡಿ.

ಫುಮಿಯೆಯ ಅಂಗಡಿ ಅಂದರೆ,
ಬೋರ್ಡು ತೋಕಿಯೋ ಕಂಪನಿಯದು, ಕಪಾಟು ಅವರದು,
ಫ್ರಿಜ್ಜು ಅವರದು,
ಬಾಗಿಲು ಸರಿದಾಗ 'ಬನ್ನಿ ಬನ್ನಿ' ಎನ್ನುವ ದನಿಯೂ ಅವರದೇ.
ನೆಲ ಮಾವನದು.
ಉರಿಯುವ ಕಣ್ಣು ಅವಳದು.

ಮಾವ ಇಲ್ಲಿ ಸಾಕೆ ಮಾರುತ್ತಿದ್ದ.
ತಾನೇ ಧಣಿ, ತಾನೇ ಆಳು.
ಬಾಗಿಲ ಮೇಲೆ ದೇವದಾರು ಹಲಗೆ, ಅದರಲ್ಲಿ ಮನೆತನದ ಹೆಸರು.
ಮೀನುಗಾರರು ಉದ್ರಿ ಬರೆಸಿ ಒಯ್ಯುವರು,
ಚಳಿಗಾಲ ಹತಹತ ಮೀನು ದಡಕ್ಕೆ ಬಂದಾಗ ತೀರಿಸುವರು.
ತೀರಿಸದೆ ಕಡಲಲ್ಲಿ ಹೋದವರ ಪುಟಗಳನ್ನು
ಮಾವ ಹರಿಯಲಿಲ್ಲ. ಮಡಚಿಟ್ಟ.
ನಷ್ಟಕ್ಕೂ ಒಂದು ಮುಖವಿತ್ತು ಆಗ.

ಆಮೇಲೆ ಹೆದ್ದಾರಿ ಬದಿಗೆ ದೊಡ್ಡ ಮಳಿಗೆ ಬಂತು.
ಅವರು ಗಿರಾಕಿಗೆ ಮಾರುವ ದರಕ್ಕೆ
ಇವರಿಗೆ ಸಗಟಿನಲ್ಲೂ ಬಾಟಲಿ ಸಿಗದು.
ಸೂಟು ತೊಟ್ಟ ಹುಡುಗನೊಬ್ಬ ಮಂಡಿಯೂರಿ ಕೂತು
ಹಾಳೆ ಹಾಳೆ ತಿರುವಿ ವಿವರಿಸಿದ:
ಹೆಸರು ನಮ್ಮದು, ದುಡಿಮೆ ನಿಮ್ಮದು,
ಮೊದಲ ಪಾಲು ನಮ್ಮದು,
ಉಳಿದರೆ, ನಿಮ್ಮದೇ.
ಗಂಡ ಕಿಯೋಮಿತ್ಸು ಮೊಹರು ಒತ್ತಿದ.
ಮಾವ ಮಾತಾಡದೆ ಹಲಗೆ ಇಳಿಸಿ
ಉಪ್ಪಿನಕಾಯಿ ಪೀಪಾಯಿಗೆ ಮುಚ್ಚಳ ಮಾಡಿದ.
ಹೆಸರಿನ ಮೇಲೆ ಒಂದು ಕಲ್ಲು.

ಈಗ ಹನ್ನೆರಡು ಅನ್ನದುಂಡೆಗಳ ಗಡುವು ಮುಗಿದಿದೆ.
ಅನ್ನಕ್ಕೆ ಇನ್ನೂ ಗೊತ್ತಿಲ್ಲ, ಮೆತ್ತಗೇ ಇದೆ.
ಯಂತ್ರಕ್ಕೆ ಗೊತ್ತು.
ಮಾರುವಂತಿಲ್ಲ, ಕೊಡುವಂತಿಲ್ಲ,
ಎಸೆದರೆ ಅಸಲು ಅವಳ ಲೆಕ್ಕಕ್ಕೆ.
ಹಿಮ ಬಳಿಯುವ ಬಂಡಿಯ ಮುದುಕ ಜೇಬು ತಡವಿ,
'ಶುಕ್ರವಾರ ಕೊಟ್ಟರೆ ಆದೀತೇ?' ಎಂದ ಒಮ್ಮೆ.
ಯಂತ್ರದಲ್ಲಿ ಶುಕ್ರವಾರಕ್ಕೆ ಗುಂಡಿಯಿಲ್ಲ.
ಅವಳು ತಲೆ ಬಾಗಿಸಿ ಕ್ಷಮೆ ಕೇಳಿದಳು,
ತರಬೇತಿಯಲ್ಲಿ ಕಲಿಸಿದಷ್ಟೇ ಬಾಗಿ.

ರಸ್ತೆಯಾಚೆ ಶಿಗೆನೊ ಅಜ್ಜಿಯ ಅಂಗಡಿ.
ಅಂಗಡಿಯೇನು, ತಗಡಿನ ಮಾಡು, ಒಂದು ಅಡ್ಡಹಲಗೆ,
ಹಿಮದಡಿಯಿಂದ ಅಗೆದ ನಾಲ್ಕು ಮೂಲಂಗಿ.
ಕಾಯುವವರಿಲ್ಲ. ಗಲ್ಲಾ ಅಂದರೆ ಬಿಸ್ಕತ್ತಿನ ಡಬ್ಬ.
ಬಾಡಿಗೆಯಿಲ್ಲ, ಪಾಲಿಲ್ಲ, ಬೋರ್ಡಿಲ್ಲ,
ಅಜ್ಜಿಯೂ ಇಲ್ಲ, ಮಲಗಿದ್ದಾಳೆ.

ಫುಮಿಯೆ ರಸ್ತೆ ದಾಟಿದಳು.
ನೂರು ಯೆನ್ನಿನ ನಾಣ್ಯ ಹಾಕಲು ಮುಚ್ಚಳ ತೆಗೆದರೆ
ಒಳಗೊಂದು ಚೀಟಿ:
'ಎರಡು ಮೂಲಂಗಿ. ಶುಕ್ರವಾರ.'
ಹೆಸರಿಲ್ಲ. ಬೇಕಿರಲಿಲ್ಲ.
ಬಂಡಿಯ ಎಣ್ಣೆ ಅಂಟಿದ ಹೆಬ್ಬೆರಳಿನ ಗುರುತಿತ್ತು.

ಅವಳು ಅದನ್ನು ಓದಿದ ಮೇಲೆ
ಮಾವ ಮಡಚುತ್ತಿದ್ದ ಹಾಗೆಯೇ ಮಡಚಿ, ಒಳಗಿಟ್ಟಳು.

ಹಿಂದೆ, ಯಾರೂ ಇಲ್ಲದ ಬೆಳಕಿನಲ್ಲಿ,
ಗಾಳಿಗೋ ಏನೋ ಬಾಗಿಲು ತಾನೇ ಸರಿದು
'ಬನ್ನಿ ಬನ್ನಿ' ಎಂದಿತು.